ಮನೆಶಾಲೆಗೆ ಅಂತರ್ಜಾಲದ ಆಸರೆ: ಪರ – ವಿರೋಧ

ಪ್ರಶ್ನೆ: ಮಕ್ಕಳನ್ನು ಶಾಲೆಗೆ ಕಳುಹಿಸದೆ, ಅಂತರ್ಜಾಲದ ಪಾಠಗಳ ನೆರವಿನಿಂದ ಮನೆಯಲ್ಲೇ ಕಲಿಸುವುದು ಸರಿಯೇ?

ಪರ: ಉಡುಪಿಯ ಒಬ್ಬ ತಾಯಿ

ಮನೆಯಲ್ಲಿ ಕಲಿಸುವುದೆಂದರೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ತಾಯಿ ಅಡುಗೆಮನೆ ಸೇರುವುದು ಎಂದು ಅನೇಕರು ತಿಳಿದಿದ್ದಾರೆ. ರಥಬೀದಿಯಲ್ಲಿ ಎದುರಾಗುವ ನೆಂಟರ ಮೊದಲ ಪ್ರಶ್ನೆಯೂ ಅದೇ. ನಮ್ಮಲ್ಲಿ ಪಾಠದ ಹೆಚ್ಚಿನ ಪಾಲು ಪುಸ್ತಕ, ಪೆನ್ಸಿಲ್ ಮತ್ತು ಅಂಗಳದಲ್ಲೇ ಮುಗಿಯುತ್ತದೆ. ನನಗೆ ವಿವರಿಸಲು ಬಾರದ ಕಡೆ ಮಾತ್ರ ಅಂತರ್ಜಾಲ ಬೇಕಾಗುತ್ತದೆ.

ವಾಣಿಜ್ಯ ಓದಿದವಳು ನಾನು. ವಿದ್ಯುತ್ತಿನ ಪಾಠ ಶಾಲೆಯಲ್ಲಿದ್ದಾಗಲೂ ನನಗೆ ಬರೀ ಬಾಯಿಪಾಠ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ತಾಣದಲ್ಲಿ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು ಉಚಿತವಾಗಿವೆ, ಕೆಲವು ಕನ್ನಡದಲ್ಲೂ ಇವೆ. ಮಗ ಅದರಲ್ಲಿ ಬ್ಯಾಟರಿ, ತಂತಿ, ಬಲ್ಬು ಜೋಡಿಸಿದ. ಇನ್ನೊಂದು ಬಲ್ಬನ್ನು ಅದೇ ಸಾಲಿನಲ್ಲಿ ಸೇರಿಸಿದಾಗ ಎರಡೂ ಮಂಕಾದವು. ಬೇರೆ ಕವಲು ಮಾಡಿ ಸೇರಿಸಿದಾಗ ಎರಡೂ ಮೊದಲಿನಷ್ಟೇ ಬೆಳಗಿದವು. ಆಮೇಲೆ ಬಲ್ಬೇ ಇಲ್ಲದೆ ಬ್ಯಾಟರಿಯ ಎರಡು ತುದಿಗಳಿಗೆ ತಂತಿ ಹಚ್ಚಿದ. ಪರದೆಯ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡಿತು! ಬೇಕೆಂದೇ ಮತ್ತೆ ಮತ್ತೆ ಹೊತ್ತಿಸಿ ನಕ್ಕ. ಮನೆಯ ಫ್ಯೂಸ್ ಏಕೆ ಹೋಗುತ್ತದೆ ಎಂದು ಸಂಜೆ ಅವನ ಅಪ್ಪನಿಗೆ ವಿವರಿಸಿದ್ದು ಅವನೇ. ತುಂಬಿದ ತರಗತಿಯಲ್ಲಿ ಒಬ್ಬ ಹುಡುಗನಿಗೆ ಇಷ್ಟು ಸಲ ಬ್ಯಾಟರಿ ಸುಡಲು ಯಾವ ಮೇಷ್ಟ್ರು ಬಿಟ್ಟಾರು?

ಇದಕ್ಕೆ ಬಿಡಿಗಾಸೂ ಖರ್ಚಿಲ್ಲ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಪುಸ್ತಕದಲ್ಲಿರುವ ಕ್ಯೂಆರ್ ಸಂಕೇತವನ್ನು ಮೊಬೈಲ್‌ಗೆ ತೋರಿಸಿದರೆ 2017ರಲ್ಲಿ ಆರಂಭವಾದ ದೀಕ್ಷಾ ತಾಣದ ಪಾಠ ತೆರೆದುಕೊಳ್ಳುತ್ತದೆ. ಖಾನ್ ಅಕಾಡೆಮಿಯ ಗಣಿತ ಕನ್ನಡದಲ್ಲಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಬೇಕಾದಷ್ಟು ಓದಬಹುದು. ಸಾವಿರಗಟ್ಟಲೆ ರೂಪಾಯಿ ಕೇಳುವ ಕಲಿಕಾ ಆ್ಯಪ್‌ಗಳ ಹಂಗು ನಮಗಿಲ್ಲ. ಅವುಗಳ ಮಾರಾಟದವರ ಕರೆಯನ್ನು ನಾನು ಎತ್ತುವುದೂ ಇಲ್ಲ.

ಮನೆಯಲ್ಲೇ ಕಲಿಯುವುದರಿಂದ ಉಳಿಯುವ ಸಮಯವೇ ದೊಡ್ಡ ಲಾಭ. ಉಬ್ಬರವಿಳಿತದ ಕೋಷ್ಟಕವನ್ನು ಮೊಬೈಲ್‌ನಲ್ಲಿ ನೋಡಿಕೊಂಡು ಮಲ್ಪೆಗೆ ಹೋಗುತ್ತೇವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುವುದನ್ನು, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುವುದನ್ನು ಅವನು ಮರಳಿನಲ್ಲಿ ಕಡ್ಡಿ ಊರಿ ಗುರುತು ಮಾಡಿದ್ದಾನೆ. ಗೆಳೆಯರಿಲ್ಲವೇ ಎನ್ನುವವರಿಗೆ: ಸಂಜೆ ಯಕ್ಷಗಾನದ ಹೆಜ್ಜೆ ಕಲಿಯಲು ಹೋಗುತ್ತಾನೆ, ರಜೆಯಲ್ಲಿ ಗದ್ದೆಯ ಕ್ರಿಕೆಟ್ ಇದೆ. ಸಾಕು.

ಕಾನೂನಿನ ಹೆಸರು ಹೇಳಿ ಹೆದರಿಸುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ನಿಜ. ಆದರೆ ಸೇರಿಸದವರಿಗೆ ಕಾಯ್ದೆ ಯಾವ ದಂಡವನ್ನೂ ವಿಧಿಸಿಲ್ಲ. ಇನ್ನೊಂದೆಡೆ ಕೇಂದ್ರ ಸರಕಾರವೇ 1989ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 14 ತುಂಬಿದವರನ್ನು ಹತ್ತನೆಯ ತರಗತಿಯ ಮಟ್ಟಕ್ಕೆ ನೋಂದಾಯಿಸಿಕೊಳ್ಳುತ್ತದೆ. ನೋಂದಣಿ 5 ವರ್ಷ ಊರ್ಜಿತ, ಪರೀಕ್ಷೆಗೆ 9 ಅವಕಾಶ. ಮಗನ ದಾರಿ ಅದು. ವರ್ಷಕ್ಕೊಂದು ಪರೀಕ್ಷೆಗೆ ಜೀವ ಹಿಡಿದುಕೊಂಡು ಕೂರುವ ಅಗತ್ಯವಿಲ್ಲ.

ವಿರೋಧ: ಮಂಗಳೂರಿನ ಒಬ್ಬ ನಿವೃತ್ತ ಶಿಕ್ಷಕ

ಆ ತಾಯಿಯ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಪರದೆಯ ಪ್ರಯೋಗಗಳೂ ಒಳ್ಳೆಯವೇ, ನಾನೂ ತರಗತಿಯಲ್ಲಿ ಬಳಸಿದ್ದೇನೆ. ಆದರೆ ಪರದೆಯಲ್ಲಿ ಸರಿಯಾಗಿ ಜೋಡಿಸಿದ ಬಲ್ಬು ಉರಿದೇ ಉರಿಯುತ್ತದೆ. ನಮ್ಮ ಕಡಲ ಗಾಳಿಗೆ ಕಿಲುಬು ಹಿಡಿದ ಹೋಲ್ಡರಿನಲ್ಲಿ ಹಾಗಲ್ಲ. ಎಲ್ಲವೂ ಸರಿಯಿದ್ದೂ ಉರಿಯದ ಬಲ್ಬನ್ನು ಹಿಡಿದುಕೊಂಡು, ತಪ್ಪು ತಂತಿಯದೋ ಸೆಲ್ಲಿನದೋ ಎಂದು ಮೂವರು ಮಕ್ಕಳು ಜಗಳವಾಡುತ್ತಾರಲ್ಲ, ವಿಜ್ಞಾನ ಶುರುವಾಗುವುದು ಅಲ್ಲಿಂದ.

ಒಂದು ಕಳೆಯುವ ಲೆಕ್ಕ ನೋಡಿ. 502ರಿಂದ 178 ಕಳೆಯಬೇಕು. ಮಗು 476 ಎಂದು ಬರೆಯುತ್ತದೆ. ಆ್ಯಪ್ ‘ತಪ್ಪು’ ಎನ್ನುತ್ತದೆ, 324 ಬರುವ ಕ್ರಮವನ್ನು ತೋರಿಸುತ್ತದೆ, ಮುಂದಿನ ಲೆಕ್ಕ ಕೊಡುತ್ತದೆ. ಮಗುವಿನ ನೋಟ್‌ಪುಸ್ತಕ ನೋಡಿದ ಶಿಕ್ಷಕರಿಗೆ ಇದು ಅಜಾಗರೂಕತೆಯಲ್ಲ, ಒಂದು ನಿಯಮ ಎಂದು ತಕ್ಷಣ ತಿಳಿಯುತ್ತದೆ. ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಿಂದ 2, 7ರಿಂದ 0, 5ರಿಂದ 1. ಅದರ ತಲೆಯಲ್ಲಿ ಲೆಕ್ಕ ಸರಿಯಾಗಿಯೇ ಇದೆ. ಗಮನವಿಟ್ಟು ನೋಡಿದರೆ ತಾಯಿಗೂ ಇದು ಕಂಡೀತು, ಇಲ್ಲವೆನ್ನುವುದಿಲ್ಲ. ಆದರೆ ಇದೇ ತಪ್ಪನ್ನು ವರ್ಷವರ್ಷವೂ ಹೊಸ ಮಕ್ಕಳಲ್ಲಿ ಕಂಡ ಕಣ್ಣು ಬೇರೆ.

ನನಗೆ ಹೆಚ್ಚು ಚಿಂತೆ ಕನ್ನಡದ್ದು. ನಮ್ಮ ಎರಡೂ ಜಿಲ್ಲೆಗಳ ಬಹುಪಾಲು ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಅಂಥ ಮನೆಯ ಮಗುವಿಗೆ ಕನ್ನಡ ಬಂದಿದ್ದು ಶಾಲೆಯಿಂದ. ಪದ್ಯ ಕಂಠಪಾಠ ಮಾಡಿ, ಪ್ರತಿಭಾ ಕಾರಂಜಿಯಲ್ಲಿ ತೊದಲಿ, ಪಕ್ಕದ ಬೆಂಚಿನವನೊಡನೆ ವಾದಿಸಿ ಅದು ಕನ್ನಡ ಕಲಿಯಿತು. ಶಾಲೆಯನ್ನು ತೆಗೆದುಬಿಟ್ಟರೆ ಮನೆಯಲ್ಲಿ ತುಳು, ಪರದೆಯಲ್ಲಿ ಇಂಗ್ಲಿಷ್ ಉಳಿಯುತ್ತದೆ. ಕನ್ನಡದ ವಿಡಿಯೋಗಳು ಇವೆ ಎಂಬುದು ಸರಿ. ಆದರೆ ಮೇಲಿನ ತರಗತಿಗೆ ಹೋದಂತೆ ಅವು ವಿರಳವಾಗುತ್ತವೆ, ಮಗು ತಾನಾಗಿಯೇ ಇಂಗ್ಲಿಷಿನ ಕಡೆ ಜಾರುತ್ತದೆ. ವಿಡಿಯೋ ಎದುರುತ್ತರ ಕೊಡುವುದೂ ಇಲ್ಲ.

ಅಂತರ್ಜಾಲ ಎಷ್ಟು ದೂರ ತಲುಪುತ್ತದೆ ಎಂಬುದನ್ನೂ ನಾವು ಕಂಡಾಗಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸರಕಾರವೇ ‘ವಿದ್ಯಾಗಮ’ ಎಂದು ಶಿಕ್ಷಕರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಬೇಕಾಯಿತು. 2021ರ ಮಳೆಗಾಲದಲ್ಲಿ ಸುಳ್ಯದ ಹಳ್ಳಿಯೊಂದರಲ್ಲಿ ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಮನೆಯಲ್ಲಿ ವೈಫೈ, ಹಗಲು ಹೊತ್ತು ಬಿಡುವಿರುವ ಓದಿದ ತಾಯಿ, ಎರಡೂ ಇರುವವರು ಎಷ್ಟು ಮಂದಿ? ತಂದೆ ಕಲಿಸುತ್ತಾರೆ ಎಂಬ ಮಾತು ಈ ಚರ್ಚೆಯಲ್ಲಿ ಎಲ್ಲೂ ಬರುವುದಿಲ್ಲ, ಅದನ್ನೂ ಗಮನಿಸಿ.

10ನೇ ಸೆಕ್ಷನ್‌ನಲ್ಲಿ ದಂಡವಿಲ್ಲ ಎಂದು ಅವರು ಸಮಾಧಾನಪಟ್ಟಿದ್ದಾರೆ. ಆ ಸೆಕ್ಷನ್ ಅವರ ಮಗನಿಗಿಂತ ಹೆಚ್ಚಾಗಿ ಬೇಕಿರುವುದು ಮಂಗಳೂರು ದಕ್ಕೆಯಲ್ಲಿ, ಮಲ್ಪೆ ಬಂದರಿನಲ್ಲಿ ಹೊರಗಿನಿಂದ ಬಂದು ದುಡಿಯುವವರ ಮಕ್ಕಳಿಗೆ. ‘ಮನೆಯಲ್ಲೇ ಕಲಿಯುತ್ತಿದ್ದಾಳೆ’ ಎಂಬ ಉತ್ತರ ಎಲ್ಲರಿಗೂ ಲಭ್ಯವಾದ ದಿನ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸಿಕೊಂಡ ಹುಡುಗಿಯನ್ನು ಹುಡುಕಿಕೊಂಡು ಯಾವ ಶಿಕ್ಷಕರೂ ಬಾಗಿಲಿಗೆ ಬರಲಾರರು.

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಪ್ರಥಮ. ಅಂಕವೇ ಕಲಿಕೆಯಲ್ಲ ಎಂದು ಮನೆಶಾಲೆಯವರು ಹೇಳಬಹುದು, ಒಪ್ಪುತ್ತೇನೆ. ಆದರೂ ಬಿಟ್ಟು ಓಡುವಷ್ಟು ನಮ್ಮ ಶಾಲೆಗಳು ಕೆಟ್ಟಿಲ್ಲ. ಮನೆಯಲ್ಲೇ ಕಲಿಸುವ ಪೋಷಕರು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಹೆಸರು ಬರೆಸಲಿ. ವರ್ಷಕ್ಕೊಮ್ಮೆ ಹತ್ತಿರದ ಶಾಲೆಯ ಶಿಕ್ಷಕರೊಬ್ಬರು ಮಗುವಿನೊಡನೆ ಕುಳಿತು ಅದರ ನೋಟ್‌ಪುಸ್ತಕ ತಿರುವಿ ನೋಡಲಿ. ಅಷ್ಟಾದರೂ ಆಗುವವರೆಗೆ ನನ್ನ ಮತ ವಿರೋಧಕ್ಕೇ.