ನೆಕ್ಸ್ಟ್ ಒತ್ತಿದವನೇ ಸುರಕ್ಷಿತ

ಮಾರ್ಚ್ ಬಂತೆಂದರೆ ಮಲೆನಾಡಿನಲ್ಲಿ ಅಪ್ಪೆಮಿಡಿಯ ಸುಗ್ಗಿ, ಬೆಂಗಳೂರಿನ ಕಚೇರಿಗಳಲ್ಲಿ ಸುರಕ್ಷತೆಯ ಸುಗ್ಗಿ. 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತೆಂಬ ಕಾರಣಕ್ಕೆ ಆ ದಿನವನ್ನು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುವುದು ವಾಡಿಕೆ. ಕಾರ್ಖಾನೆಗಳ ಗೇಟಿಗೆ ಬ್ಯಾನರ್ ಏರುತ್ತದೆ, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿಸುತ್ತಾರೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರಿಗೆ ಬಿಸಿಲಲ್ಲಿ ನಿಲ್ಲುವ ಆ ಕಷ್ಟವಿಲ್ಲ, ಇಮೇಲ್ ಬರುತ್ತದೆ: ನಿಮ್ಮ ಸುರಕ್ಷತಾ ತರಬೇತಿ ಬಾಕಿ ಇದೆ, ಮೂರು ದಿನಗಳೊಳಗೆ ಮುಗಿಸದಿದ್ದರೆ ನಿಮ್ಮ ಮ್ಯಾನೇಜರ್ ಅವರ ಗಮನಕ್ಕೆ ತರಲಾಗುವುದು. ಬೆಂಕಿಗೂ ವಿದ್ಯುತ್ತಿಗೂ ಅಂಜದ ನನ್ನ ಸಹೋದ್ಯೋಗಿಗಳು ಈ ಕೊನೆಯ ವಾಕ್ಯಕ್ಕೆ ಮಾತ್ರ ಅಂಜಿ, ಊಟದ ಡಬ್ಬಿ ತೆರೆದಿಟ್ಟುಕೊಂಡೇ ಕಲಿಕೆಯ ಪೋರ್ಟಲಿಗೆ ಲಾಗಿನ್ ಆಗುತ್ತಾರೆ.

ಈ ಪಾಠಗಳನ್ನು ನಮಗಾಗಿ ಯಾರೂ ಬರೆದಿಲ್ಲ ಎಂಬುದೇ ಇವುಗಳ ಹೆಗ್ಗಳಿಕೆ. ಇವು ಸಿದ್ಧ ಪಾಠಗಳು. ತಲೆಗಿಷ್ಟು, ವರ್ಷಕ್ಕಿಷ್ಟು ಎಂದು ಸಗಟಾಗಿ ಕೊಂಡು, ಕಂಪನಿಯ ಎಲ್‌ಎಂಎಸ್‌ಗೆ, ಅಂದರೆ ಆ ಕಲಿಕೆಯ ಪೋರ್ಟಲಿಗೆ, ಏರಿಸಿ, ಮೊದಲ ಪುಟಕ್ಕೆ ತಮ್ಮ ಲೋಗೋ ಅಂಟಿಸಿದರೆ ಸಂಸ್ಥೆಗೆ ಸುರಕ್ಷತಾ ಸಂಸ್ಕೃತಿ ಬಂದಿತೆಂದು ಅರ್ಥ. ರವೆ ಇಡ್ಲಿಯ ಪೊಟ್ಟಣವನ್ನು ಲೋಕಕ್ಕೆ ಕೊಟ್ಟ ಊರಿನವರು ನಾವು, ರೆಡಿ ಮಿಕ್ಸನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಆದರೆ ಪೊಟ್ಟಣದ ಇಡ್ಲಿಗೂ ಮೊಸರು ಕಲಸಬೇಕು, ಒಲೆ ಹಚ್ಚಬೇಕು, ಬೆಂದಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಬೇಕು. ಈ ಪೊಟ್ಟಣಕ್ಕೆ ಅಷ್ಟೂ ಬೇಡ. ಕತ್ತರಿಸಿದರೆ ಸಾಕು, ತಿಂದಂತೆಯೇ ಲೆಕ್ಕ.

ನನಗೆ ಬಂದ ಪಾಠದ ಮೂಲ ನಿವಾಸ ಅಮೆರಿಕದ ಉತ್ತರ ಭಾಗವಿರಬೇಕು. ಜಾರಿ ಬೀಳುವುದರ ಬಗೆಗಿನ ಅಧ್ಯಾಯದಲ್ಲಿ, ಹಿಮ ಬಿದ್ದ ಕಾಲುದಾರಿಯಲ್ಲಿ ಪೆಂಗ್ವಿನ್‌ನಂತೆ ಪುಟ್ಟ ಪುಟ್ಟ ಹೆಜ್ಜೆಯಿಡಬೇಕೆಂದು ಒಂದು ಮಧುರವಾದ ಯಂತ್ರಕಂಠ ನನಗೆ ಬೋಧಿಸಿತು. ಅಲ್ಲಿನವರಿಗೆ ಅದು ನಿಜಕ್ಕೂ ಒಳ್ಳೆಯ ಸಲಹೆ, ಅಲ್ಲಿ ಹಾಗೆ ನಡೆಯದವರು ಸೊಂಟ ಮುರಿದುಕೊಳ್ಳುತ್ತಾರೆ. ನಾನು ಅದನ್ನು ಕೇಳುತ್ತಿದ್ದದ್ದು ವೈಟ್‌ಫೀಲ್ಡಿನಲ್ಲಿ, ಏಪ್ರಿಲಿಗೆ ನಾಲ್ಕು ದಿನವಿದ್ದಾಗ. ನಮ್ಮ ಕಚೇರಿಯ ಗೇಟಿನ ಎದುರಿಗಿರುವ ಕಾಲುದಾರಿಯಲ್ಲಿ ಎರಡು ಕಲ್ಲುಚಪ್ಪಡಿಗಳು ಬಹಳ ದಿನದಿಂದ ಇಲ್ಲ, ಕೆಳಗೆ ಚರಂಡಿ ಕಾಣುತ್ತದೆ. ಅಲ್ಲಿ ಯಾವ ಪಕ್ಷಿಯಂತೆ ನಡೆಯಬೇಕೆಂದು ಪಾಠ ಹೇಳಲಿಲ್ಲ. ನನಗೆ ತಿಳಿದಂತೆ ಅಲ್ಲಿ ಹಾರುವ ಪಕ್ಷಿಯೇ ಆಗಬೇಕು. ಅಪಾಯ ಬಂದರೆ ಕೂಡಲೇ 911ಕ್ಕೆ ಕರೆ ಮಾಡಿ ಎಂಬ ಸೂಚನೆಯೂ ಇತ್ತು. ಪರೀಕ್ಷೆಯಲ್ಲಿ ನಾನು 112 ಎಂದು ಗುರುತು ಹಾಕುವ ಉತ್ಸಾಹ ತೋರಿದೆ. ತಪ್ಪು ಉತ್ತರ, ದಯವಿಟ್ಟು ಪಾಠವನ್ನು ಮತ್ತೊಮ್ಮೆ ಗಮನವಿಟ್ಟು ಓದಿ ಎಂದು ಕೆಂಪು ಅಕ್ಷರಗಳು ಮೂಡಿದವು. ಎರಡನೆಯ ಸಲ 911 ಎಂದೆ. ಉತ್ತೀರ್ಣನಾದೆ.

ಈ ಪಾಠಗಳನ್ನು ನಮ್ಮವರು ಕಲಿಯುವ ರೀತಿಯೂ ಒಂದು ವಿದ್ಯೆಯೇ. ಧ್ವನಿ ಮುಗಿಯುವವರೆಗೆ ನೆಕ್ಸ್ಟ್ ಗುಂಡಿ ಬೂದು ಬಣ್ಣದಲ್ಲಿ ಸತ್ತಂತೆ ಬಿದ್ದಿರುತ್ತದೆ, ಆದ್ದರಿಂದ ಧ್ವನಿಯನ್ನು ಅಡಗಿಸಿ, ಪಕ್ಕದ ಟ್ಯಾಬಿನಲ್ಲಿ ಕೆಲಸವನ್ನೋ ಕ್ರಿಕೆಟ್ ಸ್ಕೋರನ್ನೋ ನೋಡುತ್ತಾ, ಆಗಾಗ ಬಂದು ಗುಂಡಿಗೆ ಜೀವ ಬಂದಿದೆಯೇ ಎಂದು ಇಣುಕಬೇಕು. ಪ್ರತಿ ತಂಡದಲ್ಲಿಯೂ ಒಬ್ಬ ತ್ಯಾಗಜೀವಿ ಇರುತ್ತಾನೆ. ಅವನು ಮೊದಲು ಪರೀಕ್ಷೆ ಬರೆದು, ಸರಿಯುತ್ತರಗಳ ಫೋಟೋ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಫೋಟೋ ಕೂಡ ಬೇಕಿಲ್ಲವೆಂಬುದು ಅನುಭವಿಗಳ ಮತ. ಮೇಲಿನ ಎಲ್ಲವೂ ಎಂಬ ಆಯ್ಕೆ ಇದ್ದಲ್ಲಿ ಅದೇ ಉತ್ತರ, ಇಲ್ಲದಿದ್ದಲ್ಲಿ ಅತ್ಯಂತ ಉದ್ದವಾಗಿರುವುದೇ ಉತ್ತರ. ಬೆಂಕಿ ಕಂಡಾಗ ಮಾಡಬೇಕಾದದ್ದೇನು ಎಂಬ ಪ್ರಶ್ನೆಗೆ ಅಕ್ಷರಗಳ ಉದ್ದ ಅಳೆದು ಉತ್ತರಿಸುವ ಏಕೈಕ ಜೀವಿ ಮನುಷ್ಯನೇ ಇರಬೇಕು.

ಇದರಲ್ಲಿ ಕಲಿಯುವವರ ಸೋಮಾರಿತನಕ್ಕಿಂತ ಪೊಟ್ಟಣದ ಸ್ವಭಾವ ದೊಡ್ಡದು. ಬಹುತೇಕ ಸಿದ್ಧ ಪಾಠಗಳು ಸ್ಕಾರ್ಮ್ ಎಂಬ ಮಾದರಿಗೆ ಬದ್ಧವಾಗಿರುತ್ತವೆ. ಇದು ಹುಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆಯೊಂದರಲ್ಲಿ. ಯಾರು ಮಾಡಿದ ಪಾಠವಾದರೂ ಯಾರ ಎಲ್‌ಎಂಎಸ್‌ನಲ್ಲಾದರೂ ಓಡಬೇಕೆಂಬ ನ್ಯಾಯವಾದ ಆಸೆ ಅದರ ಹಿಂದಿತ್ತು. ಅದರ 1.2 ಆವೃತ್ತಿ 2001ರಲ್ಲಿ ಬಂದದ್ದು, ಇಂದಿಗೂ ಮುಪ್ಪಾಗದೆ ದುಡಿಯುತ್ತಿದೆ. ಕಲಿಯುವವನ ಕುರಿತು ಪಾಠವು ಪೋರ್ಟಲಿಗೆ ವರದಿ ಕೊಡಲು ಆ ಆವೃತ್ತಿಯಲ್ಲಿ ಆರೇ ಪದಗಳಿವೆ: ಉತ್ತೀರ್ಣ, ಪೂರ್ಣ, ಅನುತ್ತೀರ್ಣ, ಅಪೂರ್ಣ, ಕಣ್ಣಾಡಿಸಿದ, ಮುಟ್ಟಲಿಲ್ಲ. ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕಣ್ಣಾಡಿಸಿದ ಎಂಬುದು, ಅದೊಂದೇ ಸತ್ಯ ನುಡಿಯುವ ಪದ. ಆದರೆ ಯಾವ ಮಾನವ ಸಂಪನ್ಮೂಲ ವಿಭಾಗದ ವರದಿಯಲ್ಲಿಯೂ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ತಿಳಿಯಿತು ಎಂಬ ಪದ ಪಟ್ಟಿಯಲ್ಲೇ ಇಲ್ಲ. ಕೈಯಲ್ಲಿ ಅಗ್ನಿಶಾಮಕವನ್ನು ಹಿಡಿದು ಪಿನ್ ಎಳೆದು ನೋಡಿದ ಎಂಬುದಂತೂ ದೂರದ ಮಾತು.

ಹೀಗಾಗಿ ವರ್ಷಾಂತ್ಯದಲ್ಲಿ ಹಸಿರು ಬಣ್ಣದ ಚಿತ್ರವೊಂದು ಮೇಲಿನವರ ಮೇಜಿಗೆ ಹೋಗುತ್ತದೆ, ಶೇಕಡಾ 100 ಪೂರ್ಣ. ನಾಳೆ ಏನಾದರೂ ಆಗಿ ತನಿಖೆಯವರು ಬಂದರೆ ತೋರಿಸಲು ದಿನಾಂಕ, ಗಂಟೆ, ನಿಮಿಷ ಸಹಿತ ದಾಖಲೆ ಸಿದ್ಧ: ಆತನಿಗೆ ಹೇಳಿದ್ದೆವು, ಆತ ನೆಕ್ಸ್ಟ್ ಒತ್ತಿದ್ದ. ಸುರಕ್ಷತಾ ತರಬೇತಿಯಿಂದ ಯಾರು ಸುರಕ್ಷಿತರಾಗುತ್ತಾರೆಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದ ಮೇಲೆ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ 7ಎ ಎಂಬ ಕಲಮು ಸೇರಿತು. ಎಲ್ಲ ಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಗೆ ಅಗತ್ಯವಾದ ಮಾಹಿತಿ, ಬೋಧನೆ, ತರಬೇತಿ, ಮೇಲ್ವಿಚಾರಣೆ ಇವಿಷ್ಟನ್ನೂ ಒದಗಿಸುವುದು ಕಾರ್ಖಾನೆ ನಡೆಸುವವನ ಕರ್ತವ್ಯವೆಂದು ಅದು ಹೇಳಿತು. ಗುತ್ತಿಗೆದಾರನ ಮೂಲಕ ಬಂದವನೂ ಆ ಕಾಯ್ದೆಯ ಕಣ್ಣಿನಲ್ಲಿ ಕಾರ್ಮಿಕನೇ ಆಗಿದ್ದ. ಅದೇ ಕಾಯ್ದೆಯ ಇನ್ನೊಂದು ಕಲಮು, ಗೋಡೆಗೆ ಹಚ್ಚುವ ಸೂಚನೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂದಿತ್ತು. ಟೈಪ್‌ರೈಟರ್ ಕಾಲದವರಿಗೆ ಹೊಳೆದ ಈ ವಿಷಯ ಕೃತಕ ಬುದ್ಧಿಮತ್ತೆಯ ಕಾಲದವರಿಗೆ ಹೊಳೆಯುವುದಿಲ್ಲ. ಹೊಳೆದರೂ, ಇಪ್ಪತ್ತು ಭಾಷೆಗಳಲ್ಲಿ ಲಭ್ಯ ಎಂಬ ಪೊಟ್ಟಣವನ್ನು ತೆರೆದರೆ ಕನ್ನಡವೆಂದು ಬರುವುದು, ದಯವಿಟ್ಟು ನಿಮ್ಮ ಬೆಂಕಿಯನ್ನು ವರದಿ ಮಾಡಿ ಎಂಬ ನುಡಿ.

ಭಾಷೆಯ ಮಾತು ಹಾಗಿರಲಿ, ಮೊದಲು ಲಾಗಿನ್ ಯಾರಿಗಿದೆ ಎಂದು ಕೇಳಬೇಕು. ರಾಸಾಯನಿಕಗಳ ಅಪಾಯ ಚಿಹ್ನೆಗಳ ಮೇಲೆ ನನಗೆ ಇಪ್ಪತ್ತು ನಿಮಿಷದ ಪಾಠವಾಯಿತು. ಕಚೇರಿಯಲ್ಲಿ ನಾನು ಮುಟ್ಟುವ ಅತ್ಯಂತ ತೀಕ್ಷ್ಣವಾದ ರಾಸಾಯನಿಕ ಕ್ಯಾಂಟೀನಿನ ಸಾರು. ನಮ್ಮ ಮಹಡಿಯ ಶೌಚಾಲಯ ತೊಳೆಯುವ ಹೆಂಗಸನ್ನು, ನಿಮ್ಮ ಕೋರ್ಸ್ ಮುಗಿಯಿತೇನಮ್ಮಾ ಎಂದು ಕೇಳಿದೆ. “ಯಾವ ಕೋರ್ಸು ಸಾರ್? ನಮಗೆಲ್ಲಿದೆ ಕಂಪ್ಯೂಟರು?” ಎಂದರು. ಆಸಿಡ್ ಇರುವ ಕ್ಲೀನರಿಗೆ ಬ್ಲೀಚಿಂಗ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆಂಬುದನ್ನು ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ವಿಚಾರಿಸಿದೆ. “ಬೆರೆಸಿದ್ರೆ ಕಣ್ಣು ಉರೀತದೆ ಸಾರ್, ಗೊತ್ತು, ಒಂದ್ಸಲ ಬೆರೆಸಿದ್ದೆ” ಎಂದರು. ಅವರು ಪಡೆದ ತರಬೇತಿ ಅಷ್ಟು. ಅವರು ಏಜೆನ್ಸಿಯ ಕಡೆಯವರು, ಏಜೆನ್ಸಿಯವರಿಗೆ ಕಂಪನಿಯ ಐಡಿ ಇಲ್ಲ, ಐಡಿ ಇಲ್ಲದವರಿಗೆ ಅಪಾಯವೂ ಇಲ್ಲವೆಂದು ಪೋರ್ಟಲು ನಂಬಿದೆ.

ತುರ್ತು ನಿರ್ಗಮನ ದಾರಿಯನ್ನು ತೆರವಾಗಿಡಿ ಎಂಬ ಅಧ್ಯಾಯ ಓದಿದ ಮೇಲೆ ನಮ್ಮ ಮಹಡಿಯ ಆ ಬಾಗಿಲನ್ನು ನೋಡಿ ಬಂದೆ. ಮುರಿದ ಕುರ್ಚಿಗಳು, ಖಾಲಿ ನೀರಿನ ಕ್ಯಾನುಗಳು, ಕಳೆದ ದೀಪಾವಳಿಯ ತೋರಣ. ಕಟ್ಟಡ ನೋಡಿಕೊಳ್ಳುವ ಫೆಸಿಲಿಟಿಯವರಿಗೆ ಹೇಳಿದರೆ ಟಿಕೆಟ್, ಅಂದರೆ ಆನ್‌ಲೈನ್ ದೂರು, ಹಾಕಿ ಸಾರ್ ಎಂದರು. ಹಾಕಿದೆ. ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ ಎಂದು ಬರೆದು ಅದನ್ನು ಮುಚ್ಚಿದರು. ಇಲ್ಲಿಯವರೆಗೆ ನಗುತ್ತಾ ಬರೆದೆ, ಇದಕ್ಕೆ ನಗು ಬರುವುದಿಲ್ಲ. 2010ರ ಫೆಬ್ರುವರಿ 23ರಂದು ಇದೇ ಊರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತು. ಅವರಿಗೆ ಬೇಕಾಗಿದ್ದದ್ದು ಪಾಠವಲ್ಲ, ಹೊಗೆಯಿಲ್ಲದ ಒಂದು ಮೆಟ್ಟಿಲು, ತೆರೆಯುವ ಒಂದು ಬಾಗಿಲು. ಬಾಗಿಲಿನ ಮುಂದಿನ ಕುರ್ಚಿ ಎತ್ತಿಡಲು ಇಬ್ಬರು ಆಳು, ಕಾಲು ಗಂಟೆ ಸಾಕು. ಅದನ್ನು ಮಾಡದೆ, ಬಾಗಿಲು ತೆರವಾಗಿರಬೇಕೆಂದು ಐನೂರು ಜನರಿಗೆ ಪರೀಕ್ಷೆ ಕೊಡುತ್ತಾರಲ್ಲ, ಅದನ್ನು ನೆನೆದರೆ ಸಿಟ್ಟು ಮಾಡಲೂ ಬೇಸರವಾಗುತ್ತದೆ.

ಕೊನೆಯ ಅಧ್ಯಾಯದ ಹೆಸರು ಎತ್ತರದಲ್ಲಿ ಕೆಲಸ. ಮೈಪೂರ್ತಿ ಬಿಗಿಯುವ ಸುರಕ್ಷತಾ ಪಟ್ಟಿ, ಎರಡನೆಯ ಹಗ್ಗ, ಕೊಕ್ಕೆ ಬಿಗಿಯುವ ಗಟ್ಟಿ ಆಧಾರ, ಎಲ್ಲವನ್ನೂ ಬಣ್ಣದ ಚಿತ್ರಗಳಲ್ಲಿ ತೋರಿಸಿದರು. ನಾನು ಆರನೆಯ ಮಹಡಿಯ ಕುರ್ಚಿಯಲ್ಲಿ ಕೂತು ಕೊಕ್ಕೆಯನ್ನು ಮೌಸಿನಿಂದ ಎಳೆದು ಸರಿಯಾದ ಜಾಗಕ್ಕೆ ಬಿಡುತ್ತಿರುವಾಗ ಕಿಟಕಿಯಾಚೆ ಒಬ್ಬ ಹುಡುಗ ಹಗ್ಗದಲ್ಲಿ ಇಳಿದು ಬಂದ. ಇಪ್ಪತ್ತು ದಾಟಿರಲಿಲ್ಲವೇನೋ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಗಾಜು ಒರೆಸುವ ಪಟ್ಟಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಎಣಿಸಿದೆ, ಹಗ್ಗ ಒಂದೇ ಇತ್ತು. ನನ್ನ ಪರದೆಯ ಮೇಲಿನ ಚಿತ್ರಕ್ಕೆ ಎರಡು. ಅವನು ನನ್ನ ಕಿಟಕಿಯನ್ನು ನೀಟಾಗಿ ಒರೆಸಿ, ಗಾಜಿನೊಳಗಿನ ನನ್ನನ್ನು ನೋಡಿಯೂ ನೋಡದವನಂತೆ ಐದನೆಯ ಮಹಡಿಗೆ ಇಳಿದ. ಅಷ್ಟರಲ್ಲಿ ಎತ್ತರದ ಕೆಲಸದಲ್ಲಿ ನಾನು ಶೇಕಡಾ 90 ಅಂಕ ಗಳಿಸಿದ್ದೆ.

ಪ್ರಮಾಣಪತ್ರಕ್ಕೆ ಮೊದಲು ಒಂದು ಪ್ರಶ್ನೆ ಬಾಕಿ ಉಳಿದಿತ್ತು, ಈ ತರಬೇತಿ ನಿಮಗೆ ಎಷ್ಟು ಉಪಯುಕ್ತವಾಯಿತು ಎಂದು. ಎರಡು ನಕ್ಷತ್ರ ಒತ್ತಿದರೆ ಕಾರಣ ಬರೆಯಲು ಐನೂರು ಅಕ್ಷರಗಳ ಪೆಟ್ಟಿಗೆ ತೆರೆಯುತ್ತದೆ, ಅದನ್ನು ತುಂಬದೆ ಸ್ಥಿತಿ ಪೂರ್ಣವಾಗುವುದಿಲ್ಲ. ಮ್ಯಾನೇಜರ್‌ಗೆ ಇಮೇಲ್ ಹೋಗಲು ಇನ್ನು ನಲವತ್ತು ನಿಮಿಷವಿತ್ತು. ಐದು ನಕ್ಷತ್ರ ಒತ್ತಿದೆ.