ಕಣ್ಣಿಗೆ 24ರ ಗಡಿ ಇಲ್ಲ: ಒಂದು ಸ್ಪಷ್ಟನೆ

'ಮನುಷ್ಯನ ಕಣ್ಣು ಸೆಕೆಂಡಿಗೆ 24 ಚಿತ್ರಕ್ಕಿಂತ ಜಾಸ್ತಿ ನೋಡಲಾರದು, 120 ಹರ್ಟ್ಜ್ ಮೊಬೈಲ್ ಬರೀ ಮೋಸ' ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. 120 ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲದು ಎಂದರ್ಥ. ವಾಟ್ಸ್‌ಆ್ಯಪ್‌ನ ಈ ಮಾತು ತಪ್ಪು.

24 ಎಂಬ ಲೆಕ್ಕ ಕಣ್ಣಿನದ್ದಲ್ಲ, ಸಿನಿಮಾದ್ದು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ವೇಗ ಹೆಚ್ಚು ಕಡಿಮೆ ಆದರೂ ನಡೆಯುತ್ತಿತ್ತು. 1920ರ ದಶಕದ ಕೊನೆಗೆ ಟಾಕಿ ಬಂತು. ಫಿಲ್ಮಿನ ಅಂಚಿನಲ್ಲೇ ಧ್ವನಿಯನ್ನೂ ಅಚ್ಚು ಹಾಕತೊಡಗಿದರು. ಈಗ ವೇಗ ಸ್ವಲ್ಪ ಏರುಪೇರಾದರೂ ದನಿ ಕೆಡುತ್ತಿತ್ತು. ಹಾಗಾಗಿ ಒಂದೇ ವೇಗ ಬೇಕಾಯಿತು. ಧ್ವನಿ ಚೆನ್ನಾಗಿರಬೇಕು, ಫಿಲ್ಮಿನ ಖರ್ಚೂ ಮಿತಿಮೀರಬಾರದು ಎಂದು 24ಕ್ಕೆ ನಿಂತರು. ಕಣ್ಣಿಗಿಂತ ಕಿವಿಯ ಹಟವೇ ಇಲ್ಲಿ ಜಾಸ್ತಿ, ಅಲ್ವಾ?

ಇನ್ನೊಂದು ತಮಾಷೆ ಇದೆ. 24 ಸಲ ಮಾತ್ರ ಬೆಳಕು ಬಿಟ್ಟರೆ ಪರದೆ ಮಿಣುಕುವುದು ಕಾಣುತ್ತದೆ. ಅದಕ್ಕೇ ಪ್ರೊಜೆಕ್ಟರ್‌ನ ಶಟರ್ ಒಂದೊಂದು ಚಿತ್ರವನ್ನೂ ಎರಡು ಅಥವಾ ಮೂರು ಸಲ ತೋರಿಸುತ್ತಿತ್ತು. ಅಂದರೆ ಸೆಕೆಂಡಿಗೆ 48 ಅಥವಾ 72 ಮಿಂಚು. ಕಣ್ಣಿನ ಮಿತಿ 24 ಆಗಿದ್ದರೆ ಈ ಪಾಡು ಯಾಕೆ?

ನೀವೇ ನೋಡಿ. 120 ಹರ್ಟ್ಜ್ ಫೋನಿನಲ್ಲಿ ಪರದೆಯ ವೇಗವನ್ನು 60ಕ್ಕೆ ಇಳಿಸಿ, ಉದ್ದನೆಯ ಸುದ್ದಿಯೊಂದನ್ನು ಬೆರಳಲ್ಲಿ ಸರ್ರನೆ ಜಾರಿಸಿ. ಅಕ್ಷರಗಳು ಹೆಚ್ಚು ಮಸುಕಾಗುತ್ತವೆ, ಬೆರಳಿನ ಹಿಂದೆ ತಡವಾಗಿ ಬಂದಂತೆ ಅನಿಸುತ್ತದೆ.

ಹಾಗಂತ ಸುಮ್ನೆ ದುಡ್ಡು ಸುರಿಯಬೇಕಿಲ್ಲ. 24ರಲ್ಲೇ ತೆಗೆದ ಸಿನಿಮಾವನ್ನು 120 ಹರ್ಟ್ಜ್‌ನಲ್ಲಿ ನೋಡಿದರೂ ಹೊಸ ಚಿತ್ರಗಳೇನೂ ಸೇರುವುದಿಲ್ಲ, ಬ್ಯಾಟರಿಯೂ ಬೇಗ ಖಾಲಿಯಾಗಬಹುದು.