ಎಡಕ್ಕೆ ತಿರುಗಿಸಿ, ಅಪ್ಪ ಇಲ್ಲದಾಗ

ಕುಕ್ಕರಿನ ಹಿಡಿ, ಕನ್ನಡಕದ ಕಾಲು, ಸ್ಕೂಟರಿನ ನಂಬರ್ ಪ್ಲೇಟು, ನೈಟ್ ಪ್ಯಾಂಟಿನ ಇಲಾಸ್ಟಿಕ್ಕು. ಸಡಿಲವಾಗಲು ಇವಕ್ಕೆ ಯಾರ ಸಹಾಯವೂ ಬೇಡ. ಅದೇ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ನೋಡಿ. ಊಟಕ್ಕೆ ಕೂತ ಎಲ್ಲರ ಕೈಗೂ ಒಂದು ಸುತ್ತು ಹೋಗಿ ಬರುತ್ತದೆ, ಮಿಸುಕುವುದಿಲ್ಲ. ಎಲ್ಲರೂ ಬರೀ ಮೊಸರನ್ನ ತಿಂದು ಎದ್ದ ಮೇಲೆ ಅಣ್ಣನ ಏಳು ವರ್ಷದ ಮಗಳು ಅದನ್ನು ಸುಮ್ನೆ ತಿರುಗಿಸಿ ತೆಗೆದುಬಿಡುತ್ತಾಳೆ. ತಕ್ಷಣ ದೊಡ್ಡವರೆಲ್ಲ 'ಅದನ್ನ ಸಡಿಲ ಮಾಡಿ ಇಟ್ಟಿದ್ದೇ ನಾನು' ಅನ್ನುತ್ತಾರೆ.

ಬಿಗಿದ ಬೋಲ್ಟು ತಾನಾಗಿ ಯಾಕೆ ಬಿಚ್ಚಿಕೊಳ್ಳುತ್ತೆ ಅಂತ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದರು. 1969ರಲ್ಲಿ ಅವರು ತೋರಿಸಿದ್ದು ಇಷ್ಟು: ಬೋಲ್ಟಿಗೆ ಉದ್ದಕ್ಕೆ ಎಳೆದಾಡುವುದಕ್ಕಿಂತ ಅಡ್ಡಡ್ಡ ಅಲುಗಾಡಿಸುವುದೇ ದೊಡ್ಡ ಶತ್ರು. ಅಡ್ಡ ಅಲುಗಿದಾಗ ಮರೆಗಳ, ಅಂದರೆ ಬೋಲ್ಟಿನ ಮೈಮೇಲಿನ ಸುತ್ತುಗೆರೆಗಳ, ಹಿಡಿತ ತಪ್ಪುತ್ತೆ, ನಟ್ಟು ಚೂರುಚೂರೇ ಹಿಂದಕ್ಕೆ ತಿರುಗುತ್ತೆ. ಇದನ್ನು ಪರೀಕ್ಷಿಸಲು ಅವರು ಒಂದು ಯಂತ್ರವನ್ನೇ ಕಟ್ಟಿದ್ದರು. ಪಾಪ, ಖರ್ಚು. ನನ್ನ ಸ್ಕೂಟರ್ ಕೊಟ್ಟು ಬೆಂಗಳೂರಿನ ಯಾವುದಾದರೂ ಅಡ್ಡರಸ್ತೆಯಲ್ಲಿ ಎರಡು ಸುತ್ತು ಹೊಡೆಸಿದ್ದರೆ ಸಾಕಿತ್ತು.

ನಮ್ಮ ಮನೆಯಲ್ಲಿ ಸಡಿಲದ ವಿರುದ್ಧ ಹೋರಾಡುವವರು ಅಪ್ಪ. ಅವರ ಕೈಗೆ ಬಂದದ್ದೆಲ್ಲ ಬಿಗಿಯಾಗಿಯೇ ಹೊರಗೆ ಹೋಗಬೇಕು. ನಲ್ಲಿ ನಿಲ್ಲಿಸಿದರೆ ಅದಕ್ಕೆ ಇನ್ನೊಂದು ಒತ್ತು ಕೊಡುತ್ತಾರೆ. ಹಳೇ ತಿರುಗಿಸುವ ನಲ್ಲಿ, ಒಳಗೆ ರಬ್ಬರ್ ವಾಷರ್ ಇರುತ್ತೆ. ಜಾಸ್ತಿ ಒತ್ತಿದರೆ ಅದು ಜಜ್ಜಿಹೋಗಿ ನೀರು ತೊಟ್ಟಿಕ್ಕುತ್ತೆ. ತೊಟ್ಟಿಕ್ಕಿದರೆ ಅಪ್ಪ ಇನ್ನೂ ಒತ್ತುತ್ತಾರೆ. ಪ್ಲಂಬರಿಗೆ ನಮ್ಮ ಮನೆ ಅಂದರೆ ಪಿಂಚಣಿ ಇದ್ದ ಹಾಗೆ. ಉಪ್ಪಿನಕಾಯಿ ಬಾಟಲಿ ಮುಚ್ಚುವವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಅಮ್ಮನ ಹತ್ತಿರ ಇದಕ್ಕೆ ಮದ್ದಿದೆ. ಮುಚ್ಚಳದ ಮೇಲೆ ಬಿಸಿನೀರು ಹೊಯ್ಯುತ್ತಾಳೆ. ಗಾಜಿಗಿಂತ ತಗಡು ಬೇಗ ಹಿಗ್ಗುತ್ತೆ, ಅಂಚಿಗೆ ಅಂಟಿದ ಎಣ್ಣೆ-ಉಪ್ಪಿನ ಗಸಿಯೂ ಕರಗುತ್ತೆ. ಹೊಸ ಜಾಮ್ ಬಾಟಲಿಯಾದರೆ ಚಮಚದ ತುದಿಯಿಂದ ಅಂಚನ್ನು ಮೀಟುತ್ತಾಳೆ. ಒಳಗೆ ಗಾಳಿ ನುಗ್ಗಿ 'ಟಪ್' ಅನ್ನುತ್ತೆ, ಮುಗಿಯಿತು. ಇದೆಲ್ಲ ಅಪ್ಪ ವಾಕಿಂಗ್ ಹೋದಾಗ ಮಾತ್ರ. ಅವರಿದ್ದರೆ 'ಕೊಡು ಇಲ್ಲಿ' ಅಂತ ಇಸಿದುಕೊಂಡು, ಪಂಚೆಯ ಅಂಚು ಸುತ್ತಿ, ಹಲ್ಲು ಕಚ್ಚಿ, ಇನ್ನಷ್ಟು ಬಿಗಿ ಮಾಡಿ ಕೊಡುತ್ತಾರೆ.

ನಮ್ಮ ಭಾವನದು ಬೇರೆ ಕಥೆ. ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ಬಿಗಿ, ಇದು ಲೋಕನಿಯಮ ಅಂತ ಅವರು ನಂಬಿದ್ದರು. ಒಂದು ಭಾನುವಾರ ನಮ್ಮ ಟೇಬಲ್ ಫ್ಯಾನ್ ತೊಳೆಯಲು ಕೂತರು. ರೆಕ್ಕೆ ಹಿಡಿದಿಡುವ ಪ್ಲಾಸ್ಟಿಕ್ ಟೋಪಿ ಇರುತ್ತಲ್ಲ, ಅದನ್ನು ಎಡಕ್ಕೆ ತಿರುವಿದರು. ಬರಲಿಲ್ಲ. ಇಕ್ಕಳ ತಂದರು. ಅಪ್ಪ ಹುರುಪಿನಿಂದ ಸೇರಿಕೊಂಡರು. ಟೇಬಲ್ ಫ್ಯಾನಿನ ಆ ಟೋಪಿಗೆ ಸಾಮಾನ್ಯವಾಗಿ ಉಲ್ಟಾ ಮರೆ. ರೆಕ್ಕೆ ತಿರುಗುವ ರಭಸಕ್ಕೆ ಬಿಚ್ಚಿಕೊಳ್ಳದೆ ಬಿಗಿಯಾಗಲಿ ಅಂತ ಹಾಗೆ ಮಾಡಿರುತ್ತಾರೆ. ಸೈಕಲ್ಲಿನ ಎಡ ಪೆಡಲ್ಲಿಗೂ ಉಲ್ಟಾ ಮರೆಯೇ. ವೆಲ್ಡಿಂಗ್ ಅಂಗಡಿಯ ಅಸಿಟಿಲಿನ್ ಸಿಲಿಂಡರಿಗೂ ಅಷ್ಟೇ. ಆಕ್ಸಿಜನ್ ಪೈಪನ್ನು ಯಾರೂ ಮರೆತು ಅದಕ್ಕೆ ಸಿಕ್ಕಿಸಬಾರದು ನೋಡಿ. ಭಾವ ಮತ್ತು ಅಪ್ಪ ಸೇರಿ ಆ ಟೋಪಿಯನ್ನು ಎರಡು ಹೋಳು ಮಾಡಿ ತೆಗೆದರು. 'ಬಂತು!' ಅಂತ ಇಬ್ಬರೂ ಕೈ ಕುಲುಕಿಕೊಂಡರು.

ಈ ಜೋಡಿ ಕೂಡಿದರೆ ಏನಾಗುತ್ತೆ ಅಂತ ಅಕ್ಕನ ಮದುವೆ ದಿನವೇ ನಮಗೆ ಹೊಳೆಯಬೇಕಿತ್ತು. ಭಾವ ಹುಟ್ಟಾ ಪ್ಯಾಂಟಿನ ಮನುಷ್ಯ. ಅವತ್ತು ಹೊಸ ರೇಷ್ಮೆ ಪಂಚೆ. ಹತ್ತಿಯಾದರೆ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತೆ, ರೇಷ್ಮೆ ಜಾರುತ್ತೆ. ತಾಳಿ ಕಟ್ಟುವ ಹೊತ್ತಿಗೆ ಅವರ ಎಡಗೈ ಸೊಂಟ ಬಿಟ್ಟು ಬರಲೇ ಇಲ್ಲ. 'ಎರಡೂ ಕೈಯಲ್ಲಿ ಕಟ್ಟಬೇಕಪ್ಪಾ, ಮೂರು ಗಂಟು' ಅಂದರು ಪುರೋಹಿತರು. ಭಾವ ಬೆವರಿದರು. ವಾಲಗದವರು ಗಟ್ಟಿಮೇಳ ಶುರು ಮಾಡಿ ಸುಸ್ತಾಗಿ ನಿಧಾನ ಮಾಡಿದರು. ಕೈಯಲ್ಲಿ ಅಕ್ಷತೆ ಹಿಡಿದವರಲ್ಲಿ ಅರ್ಧ ಜನ ಆಗಲೇ ಎಸೆದುಬಿಟ್ಟಿದ್ದರು. ಕೊನೆಗೆ ಅಪ್ಪ ಮುಂದೆ ಬಂದು, ಪಕ್ಕದಲ್ಲಿ ನಿಂತಿದ್ದ ನನ್ನ ಚಿಕ್ಕಪ್ಪನ ಮಗನ ಬೆಲ್ಟನ್ನು ಸರ್ರನೆ ಎಳೆದು, ಪಂಚೆಯ ಮೇಲೆ ಸುತ್ತಿ, ಮೊಣಕಾಲು ಊರಿ ಎಳೆದರು. ಅದು ತೂತಿಲ್ಲದ, ತಾನೇ ಲಾಕ್ ಆಗುವ ಹೊಸ ಮಾದರಿಯ ಬೆಲ್ಟು. ಕಟ ಕಟ ಅಂತ ಒಂದೊಂದೇ ಹಲ್ಲು ಬಿಗಿಯುತ್ತಾ ಹೋಯಿತು. ಮೂರು ಗಂಟೂ ಚೆನ್ನಾಗಿ ಬಿತ್ತು.

ಊಟಕ್ಕೆ ಕೂತಾಗ ಬಡಿಸುವವರು ಹೋಳಿಗೆ ಹಾಕಿ, ತುಪ್ಪದ ಪಾತ್ರೆ ಬಗ್ಗಿಸಿ, 'ಮದುಮಗನಿಗೆ ಇನ್ನೊಂದು ಹಾಕಲಾ?' ಅಂದರು. ಭಾವ ಮೆಲ್ಲಗೆ ನನ್ನ ಕಡೆ ಬಾಗಿ, ಉಸಿರು ಹಿಡಿದೇ ಕೇಳಿದರು, 'ಈ ಬಕಲ್ ಯಾವ ಕಡೆ ಒತ್ತಿದರೆ ಬಿಡುತ್ತೆ? ನಿಮ್ಮಪ್ಪನ್ನ ಮಾತ್ರ ಕೇಳಬೇಡ.'